ನೇತುಹಾಕುವ ವಿದ್ಯೆ

ಮೇಪಲ್ ಸಿರಪ್ ವಿಷಯ ಬಂದರೆ ಜನ ಮರದ ಬಗ್ಗೆ ಮಾತಾಡುತ್ತಾರೆ, ಇಲ್ಲವೇ ಬಾಟಲಿಯ ಬಗ್ಗೆ. ಮರ ಅಕ್ಟೋಬರಿನಲ್ಲಿ ಕೆಂಪಗಾಗಿ ಕ್ಯಾಲೆಂಡರಿಗೆ ಫೋಟೊ ಕೊಡುತ್ತದೆ. ಬಾಟಲಿ ಊರಿಗೆ ಹೊರಟವರ ಸೂಟ್‌ಕೇಸಿನಲ್ಲಿ ಎರಡು ಸೀರೆಗಳ ನಡುವೆ ಮಲಗಿ ಮಂಗಳೂರಿನವರೆಗೂ ಹೋಗಿಬರುತ್ತದೆ. ಇವೆರಡರ ನಡುವೆ, ಫೆಬ್ರುವರಿ ಕೊನೆಯಿಂದ ಏಪ್ರಿಲ್ ಬರುವತನಕ, ಹಿಮಕ್ಕೂ ಗಾಳಿಗೂ ಜಗ್ಗದೆ ಮರಕ್ಕೆ ಬೆನ್ನುಕೊಟ್ಟು ಒಂದು ಚೀಲವನ್ನು ಹಿಡಿದುಕೊಂಡು ನಿಂತಿರುವ ತಗಡಿನ ಚೌಕಟ್ಟನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಬರೆಯಹೊರಟಿರುವುದು ಆ ಚೌಕಟ್ಟಿನ ಬಗ್ಗೆ. ಪಾಕದ ಆಸೆಯಿಂದ ಓದಲು ಕೂತವರು ಸ್ವಲ್ಪ ಕಾಯಬೇಕು. ಮೇಪಲ್ ವ್ಯವಹಾರದಲ್ಲಿ ಕಾಯುವುದೇ ಹೆಚ್ಚು, ಆದ್ದರಿಂದ ಅಭ್ಯಾಸವಾದಂತೆಯೂ ಆಯಿತು.

ನಾವಿರುವುದು ವಿಸ್ಕಾನ್ಸಿನ್‌ನಲ್ಲಿ. ಸಕ್ಕರೆ ಮೇಪಲ್ 1949ರಿಂದ ಈ ರಾಜ್ಯದ ಅಧಿಕೃತ ಮರ. ಕೆನಡಾದ ಕ್ವಿಬೆಕ್‌ನಲ್ಲಿ, ಇಲ್ಲಿಂದ ಪೂರ್ವಕ್ಕೆ ವರ್ಮಾಂಟ್‌ನಲ್ಲಿ ಇದೊಂದು ದೊಡ್ಡ ಉದ್ಯಮ. ಅಲ್ಲೆಲ್ಲ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಪೈಪು ಎಳೆದು, ನಿರ್ವಾತ ಪಂಪು ಹಚ್ಚಿ, ಇಡೀ ಗುಡ್ಡದ ರಸ ತಾನಾಗಿ ಒಂದು ಟ್ಯಾಂಕಿಗೆ ಬಂದು ಬೀಳುವಂತೆ ಮಾಡಿಕೊಂಡಿದ್ದಾರೆ. ಹಿತ್ತಿಲಲ್ಲಿ ನಾಲ್ಕಾರು ಮರ ಇರುವವರಿಗೆ ಆ ವೈಭವ ಯಾಕೆ? ನಮ್ಮ ಬೀದಿಯಲ್ಲಿ ಬಕೆಟ್ ತೂಗಿಸುವವರು ಕೆಲವರು, ನೀಲಿ ಪ್ಲಾಸ್ಟಿಕ್ ಚೀಲ ತೂಗಿಸುವವರು ಬಹಳ. ನಾನು ಚೀಲದ ಪಕ್ಷ. ಬಕೆಟನ್ನು ಉಜ್ಜಿ ತೊಳೆದು ಅಟ್ಟಕ್ಕೇರಿಸಬೇಕು. ಚೀಲವನ್ನು ಋತು ಮುಗಿದ ಮೇಲೆ ಎಸೆದರಾಯಿತು. ರಸ ಎಷ್ಟು ಬಂದಿದೆ ಎಂದು ನೋಡಲು ಬಕೆಟ್‌ನವರು ಬೂಟು ಹಾಕಿಕೊಂಡು ಮರದ ಬುಡಕ್ಕೆ ಹೋಗಬೇಕು. ನನಗೆ ಅಡುಗೆಮನೆ ಕಿಟಕಿಯಿಂದಲೇ ಕಾಣುತ್ತದೆ. ರಾತ್ರಿ ರಸ ಹೆಪ್ಪುಗಟ್ಟಿ ಉಬ್ಬಿದರೆ ಚೀಲವೂ ಅದರ ಜೊತೆ ಉಬ್ಬಿಕೊಳ್ಳುತ್ತದೆ, ಬಿರುಕು ಬಿಡುವ ಭಯವಿಲ್ಲ. ಅದಕ್ಕಿರುವ ಕೊರತೆ ಒಂದೇ: ಬೆನ್ನೆಲುಬಿಲ್ಲ. ತಾನಾಗಿ ಬಾಯಿ ತೆರೆದುಕೊಂಡು ನಿಲ್ಲಲಾರದು.

ಬೆನ್ನೆಲುಬಿಲ್ಲದ ಈ ಜೀವ ತುಂಬಿದರೆ ಹತ್ತಿರ ಹತ್ತಿರ 15 ಲೀಟರ್. ರಸವೆಂದರೆ ಬಹುಪಾಲು ನೀರೇ ಆದ್ದರಿಂದ ಭಾರವೂ ಸುಮಾರು 15 ಕಿಲೊ. ಅಷ್ಟನ್ನೂ ಹೊರುವುದು ಸ್ಪೈಲ್ ಎಂದು ಕರೆಯುವ, ಕಿರುಬೆರಳಿನ ಗಾತ್ರದ ಒಂದು ನಳಿಕೆ. ಮರಕ್ಕೆ ಕೊರೆಯುವ ತೂತು 8ರಿಂದ 11 ಮಿಲಿಮೀಟರ್ ಅಗಲ, ಒಂದೂವರೆ ಇಂಚು ಆಳ, ರಸ ಹೊರಗೆ ಹರಿಯಲೆಂದು ಒಳಗಿನಿಂದ ಹೊರಕ್ಕೆ ತುಸು ಇಳಿಜಾರು. ಅದರಲ್ಲಿ ನಳಿಕೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾರೆ. ಹೆಚ್ಚು ಬಡಿದರೆ ಮರ ಸೀಳುತ್ತದೆ, ಕಡಿಮೆಯಾದರೆ ನಳಿಕೆ ಅಲುಗಾಡಿ ಸುತ್ತಲಿಂದ ಸೋರುತ್ತದೆ. ಕೂರಿಸಿದ ಮೇಲೂ ನಿಶ್ಚಿಂತೆಯಿಲ್ಲ. ಮಾರ್ಚಿನ ಗಾಳಿ ಬಯಲಿನಿಂದ ಬೀಸತೊಡಗಿದರೆ ಅರ್ಧ ತುಂಬಿದ ಚೀಲ ಗಡಿಯಾರದ ಲೋಲಕದ ಥರ ಓಲಾಡುತ್ತದೆ, ಓಲಾಡಿದಷ್ಟೂ ನಳಿಕೆ ಸಡಿಲ. ಇದರ ಮೇಲೆ ಕಾಂಡದ ಗುಂಟ ಇಳಿದುಬರುವ ಮಳೆನೀರು ಒಳಗೆ ಬೀಳಬಾರದು, ಅಳಿಲು ಮೂತಿ ತೂರಿಸಬಾರದು, ಮತ್ತು ರಸ ಸುರಿದುಕೊಳ್ಳಲು ದಿನಾ ಎಲ್ಲವನ್ನೂ ಬಿಚ್ಚಿ ಕಟ್ಟುವಂತಾಗಬಾರದು. ಇಷ್ಟೆಲ್ಲ ಜವಾಬ್ದಾರಿಯನ್ನು ಒಂದಡಿ ತಗಡಿನ ತಲೆಗೆ ಕಟ್ಟಿದ್ದಾರೆ. ಸರ್ಕಾರಿ ಕಚೇರಿಯಲ್ಲಾಗಿದ್ದರೆ ಇದಕ್ಕೆ ನಾಲ್ಕು ಹುದ್ದೆ ಮಂಜೂರಾಗುತ್ತಿದ್ದವು.

ಅಂಗಡಿಯಲ್ಲಿ ಸಿದ್ಧ ಚೌಕಟ್ಟು ಸಿಗುತ್ತದೆ, ದುಬಾರಿಯೂ ಅಲ್ಲ. ಆದರೆ ಅದನ್ನು ಕೊಂಡುತಂದು ಮರಕ್ಕೆ ಹಾಕಿದರೆ ಪಕ್ಕದ ಮನೆಯ ಅಜ್ಜ ಏನೂ ಹೇಳುವುದಿಲ್ಲ. ಏನೂ ಹೇಳದೆ ಒಂದು ಕ್ಷಣ ಜಾಸ್ತಿ ಹೊತ್ತು ನೋಡುತ್ತಾರೆ, ಅಷ್ಟೆ. ಬಹಳ ವರ್ಷ ಹಸು ಸಾಕಿ, ಹಾಲು ಮಾರಿ, ಈಗ ಹಸುಗಳನ್ನೂ ಮಾರಿ ಕೂತಿರುವ ಮನುಷ್ಯ. ಅವರ ಶೆಡ್ಡಿನಲ್ಲಿ ಮೊಳೆ, ತಿರುಪು, ಕಳಚಿದ ಕೀಲು, ಹಾಲು ಕರೆಯುವ ಯಂತ್ರದ ರಬ್ಬರು, ಯಾವ ಟ್ರ್ಯಾಕ್ಟರಿನದೆಂದು ಅವರಿಗೂ ಮರೆತುಹೋದ ಬೆಲ್ಟು ಎಲ್ಲ ಉಂಟು. ಎಸೆಯುವುದೆಂದರೆ ಅವರಿಗೆ ಒಂದು ಬಗೆಯ ಸೋಲು. ಚೌಕಟ್ಟು ಮಾಡುವುದನ್ನು ನಾನು ಕಲಿತದ್ದು ಅವರಿಂದ. ಕಲಿಸಿದರು ಎಂದರೆ ತಪ್ಪಾಗುತ್ತದೆ. ಅವರು ಮಾಡುತ್ತಾರೆ, ನಾವು ನಿಂತು ನೋಡಬೇಕು, ಪ್ರಶ್ನೆ ಕೇಳಿದರೆ ಉತ್ತರವಾಗಿ ಇನ್ನೊಮ್ಮೆ ಮಾಡಿ ತೋರಿಸುತ್ತಾರೆ.

ಬೇರೆಯವರ ವಿಧಾನಗಳೂ ಇವೆ. ಕೆಲವರು ನಾಲ್ಕಿಂಚಿನ ಪಿವಿಸಿ ಪೈಪಿನಿಂದ ಗೇಣುದ್ದದ ತುಂಡು ಕತ್ತರಿಸಿ, ಚೀಲದ ಬಾಯಿಯನ್ನು ಅದರ ಸುತ್ತ ಮಗುಚಿ, ಮೇಲಿಂದ ತಿರುಪಿನ ಪಟ್ಟಿ ಬಿಗಿಯುತ್ತಾರೆ. ನೋಡಲು ಲಕ್ಷಣವಾಗಿದೆ, ಆದರೆ ಭಾರವೆಲ್ಲ ತಿರುಪು ತಿರುಗಿಸಿದವರ ತೋಳಿನ ಬಲದ ಮೇಲೆ ನಿಂತಿರುತ್ತದೆ. ಪ್ಲೈವುಡ್‌ನಲ್ಲಿ ಮಾಡುವವರೂ ಇದ್ದಾರೆ; ಮರಗೆಲಸ ಬಲ್ಲವರು, ಮೂಲೆಗಳನ್ನು ಜೋಡಿಸಿದ ರೀತಿ ಕಂಡರೆ ಕಣ್ಣಿಗೆ ಹಬ್ಬ. ಎರಡನೇ ವರ್ಷಕ್ಕೆ ಅದು ನೀರು ಕುಡಿದು ಉಬ್ಬಿ ಕಪ್ಪು ಬೂಷ್ಟು ಹಿಡಿಯುತ್ತದೆ. ತಗಡೇ ಸರಿ.

ಅಜ್ಜನ ಮಾದರಿಯಲ್ಲಿ ಮುಖ್ಯವಾದ ಅಂಗ ಎರಡೇ. ಹೊರಗೆ ಗ್ಯಾಲ್ವನೈಸ್ಡ್ ತಗಡಿನ ಒಂದು ಪೆಟ್ಟಿಗೆ, ಅದಕ್ಕೆ ತಳವಿಲ್ಲ. ಒಳಗೆ ದಪ್ಪ ತಂತಿಯ ಒಂದು ಬಳೆ. ಉದ್ದನೆಯ ತಗಡಿನ ಪಟ್ಟಿಯನ್ನು ನಾಲ್ಕು ಕಡೆ ಮಡಚಿ ಆಯತ ಮಾಡಿ, ತುದಿಯ ಮೇಲೆ ತುದಿ ಕೂರಿಸಿ ಎರಡು ರಿವೆಟ್ ಹೊಡೆದರೆ ಪೆಟ್ಟಿಗೆಯಾಯಿತು. ಅದಕ್ಕೆ ಮೊದಲು, ಪಟ್ಟಿ ಇನ್ನೂ ಚಪ್ಪಟೆಯಾಗಿರುವಾಗಲೇ, ಕೆಳ ಅಂಚನ್ನು ತನ್ನ ಮೇಲೆ ತಾನೇ ಮಗುಚಿ ಬಡಿದುಕೊಳ್ಳಬೇಕು, ಇಲ್ಲದಿದ್ದರೆ ಆ ಅಂಚು ಕೈಯನ್ನೂ ಕುಯ್ಯುತ್ತದೆ, ಚೀಲವನ್ನೂ. ಹಾಗೆ ಮೊಂಡಾದ ಅಂಚನ್ನು ಅರ್ಧ ಇಂಚು ಒಳಮುಖಕ್ಕೆ ಬಗ್ಗಿಸಬೇಕು. ಮೂಲೆ ಬರುವಲ್ಲಿ ಮೊದಲೇ ಕತ್ತರಿಯಿಂದ ಕಚ್ಚು ಹಾಕಿಟ್ಟಿರಬೇಕು. ಹಾಕದಿದ್ದರೆ ತಗಡು ಹಟ ಹಿಡಿದು ಅಲ್ಲೇ ಗುಬ್ಬಿ ಏಳುತ್ತದೆ. ಒಳಕ್ಕೆ ಬಗ್ಗಿದ ಈ ಅರ್ಧ ಇಂಚಿನಲ್ಲೇ ಇಡೀ ಗುಟ್ಟು ಇರುವುದು. ಚೀಲದ ಬಾಯಿಯನ್ನು ತಂತಿಯ ಬಳೆಯ ಒಳಗಿಂದ ಮೇಲೆಳೆದು, ಬಳೆಯ ಸುತ್ತ ಹೊರಕ್ಕೆ ಮಗುಚಿ, ಬಳೆ ಸಮೇತ ಪೆಟ್ಟಿಗೆಯೊಳಗೆ ಮೇಲಿನಿಂದ ಇಳಿಸುತ್ತಾರೆ. ಚೀಲ ಕೆಳಗೆ ಜೋತುಬೀಳುತ್ತದೆ, ಬಳೆ ಆ ಅರ್ಧ ಇಂಚಿನ ಮೇಲೆ ಕೂರುತ್ತದೆ, ಎರಡರ ನಡುವೆ ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ. ರಸ ತುಂಬಿದಷ್ಟೂ ಬಳೆ ಕೆಳಕ್ಕೆ ಒತ್ತುತ್ತದೆ, ಒತ್ತಿದಷ್ಟೂ ಹಿಡಿತ ಬಿಗಿ. ಜಾರಿಸಬೇಕಾದ ಭಾರವೇ ಜಾರದಂತೆ ಕಾಯುತ್ತದೆ. ತಿರುಪು ಇಲ್ಲ, ರಬ್ಬರ್ ಬ್ಯಾಂಡ್ ಇಲ್ಲ, ಯಾರ ತೋಳಿನ ಬಲವೂ ಬೇಡ. ಇದು ಅರ್ಥವಾದ ಸಂಜೆ ನಾನು ಶೆಡ್ಡಿನಲ್ಲಿ ಖುಷಿಯಿಂದ ಏನೋ ಕೂಗಿದೆ. ಅಜ್ಜ ಕತ್ತರಿಗೆ ಎಣ್ಣೆ ಹಾಕುತ್ತಿದ್ದರು, ತಲೆ ಎತ್ತಲಿಲ್ಲ.

ಪೆಟ್ಟಿಗೆಯ ಹಿಂಗೋಡೆಯಲ್ಲಿ, ಬಳೆಗಿಂತ ಮೇಲೆ, ನಳಿಕೆಗೆ ಒಂದು ತೂತು. ನಳಿಕೆಯ ಮೂತಿ ಪೆಟ್ಟಿಗೆಯೊಳಗೆ ಚಾಚಿಕೊಂಡು ಹನಿ ನೇರವಾಗಿ ಚೀಲಕ್ಕೇ ಬೀಳಬೇಕು, ತಗಡಿಗೆ ತಾಗಬಾರದು. ತೂತು ದೊಡ್ಡದಾಗಲೂಬಾರದು, ಯಾಕೆಂದರೆ ರಸ ಸುರಿದುಕೊಳ್ಳುವಾಗ ಪೆಟ್ಟಿಗೆಯನ್ನು ಮರದಿಂದ ಕಳಚುವುದಿಲ್ಲ; ಎಡಗೈಯಲ್ಲಿ ಚೌಕಟ್ಟು, ಬಲಗೈಯಲ್ಲಿ ಚೀಲದ ತಳ ಹಿಡಿದು ನಳಿಕೆಯ ಸುತ್ತ ಅನಾಮತ್ತಾಗಿ ಪಕ್ಕಕ್ಕೆ ತಿರುಗಿಸಿ ಬಕೆಟ್ಟಿಗೆ ಸುರಿಯುವುದು. ಆಗ ಬಳೆ ಎದ್ದುಬರದಂತೆ ಒಳಗೋಡೆಯಲ್ಲಿ ಎರಡು ಕಡೆ ತಗಡನ್ನೇ ಸೀಳಿ ಬಗ್ಗಿಸಿದ ಪುಟ್ಟ ನಾಲಿಗೆಗಳಿವೆ. ಹಿಂದುಗಡೆ ಕೆಳಗೆ, ತೊಗಟೆಗೆ ಆನಿಸಿಕೊಳ್ಳಲು ಎರಡು ಕಿವಿ. ಮರ ದುಂಡಗೆ, ಪೆಟ್ಟಿಗೆ ಚಪ್ಪಟೆ. ಕಿವಿಗಳಿಲ್ಲದಿದ್ದರೆ ಒಂದೇ ಬಿಂದುವಿನಲ್ಲಿ ತಾಗಿ ಗಾಳಿಗೆ ಕುಣಿಯುತ್ತದೆ. ಅಂಗಡಿಯ ಚೌಕಟ್ಟು ಎಲ್ಲ ಮರಕ್ಕೂ ಒಂದೇ. ನಮ್ಮದರಲ್ಲಿ ಆಯಾ ಮರದ ಉಬ್ಬು ತಗ್ಗು ನೋಡಿ ಕಿವಿ ಬಗ್ಗಿಸುವುದರಿಂದ ಯಾವ ಚೌಕಟ್ಟು ಯಾವ ಮರದ್ದೆಂದು ಒಳಗೆ ಸೀಸದಕಡ್ಡಿಯಲ್ಲಿ ಬರೆದಿಡುತ್ತೇನೆ.

ಇನ್ನು ಮುಚ್ಚಳ. ಅದಕ್ಕೆ ಅಜ್ಜ ಬಳಸುವುದು ಹಳೆಯ ನಂಬರ್ ಪ್ಲೇಟ್. ಇಲ್ಲಿನ ಪ್ಲೇಟ್ ಅಲ್ಯೂಮಿನಿಯಮ್ಮಿನದು, ಆರಿಂಚು ಅಗಲ, ಹನ್ನೆರಡಿಂಚು ಉದ್ದ, ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ. ಮುಂದಿನ ಅಂಚನ್ನು ಕೆಳಕ್ಕೆ ಬಗ್ಗಿಸಿದರೆ ಮಳೆನೀರು ಒಳಗೆ ಬರದೆ ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಹಳೇ ಬಣ್ಣದಲ್ಲಿ ಏನೇನಿರುತ್ತದೋ ಎಂದು ನನಗೆ ಅನುಮಾನ. ಹಾಗಾಗಿ ಮುಚ್ಚಳದ ಕೆಲಸಕ್ಕಷ್ಟೇ, ರಸದ ಹತ್ತಿರ ಅದಕ್ಕೆ ಪ್ರವೇಶವಿಲ್ಲ. ಅಜ್ಜ ಓಡಿಸಿದ ಎಲ್ಲ ಟ್ರಕ್ಕು, ಟ್ರೇಲರುಗಳ ಪ್ಲೇಟುಗಳು ಶೆಡ್ಡಿನ ಗೋಡೆಗೆ ಮೊಳೆ ಹೊಡೆದಿದ್ದವು. ಈಗ ಒಂದೊಂದಾಗಿ ಇಳಿದು ಮರ ಹತ್ತಿವೆ. ಹೈನುಗಾರಿಕೆಯ ನಾಡು ಎಂಬ ರಾಜ್ಯದ ಘೋಷಣೆ ಸಹಿತ ನಮ್ಮ ಹಿತ್ತಿಲ ಮೇಪಲ್‌ಗಳಿಗೆಲ್ಲ ರಿಜಿಸ್ಟ್ರೇಷನ್ ಆಗಿದೆ. ಹೊಸದಾಗಿ ಬಂದ ಅಂಚೆಯವ ಒಮ್ಮೆ ನಿಂತು ಓದಿ, ನನ್ನ ಮುಖ ನೋಡಿ, ಏನೂ ಕೇಳದೆ ಹೋದ.

ಅಪ್ಪನಿಗೆ ಇದನ್ನೆಲ್ಲ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ನಮ್ಮದು ಸುಳ್ಯದ ಕಡೆ, ಅಡಿಕೆಯ ಜೊತೆಗೆ ಗುಡ್ಡದಲ್ಲಿ ಒಂದಿಷ್ಟು ರಬ್ಬರ್. ಮರದಿಂದ ರಸ ಇಳಿಸುವುದು ನಮ್ಮ ಮನೆಯಲ್ಲಿ ಹೊಸ ವಿಷಯವಲ್ಲ. ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡ ಟ್ಯಾಪರ್ ಬಂದು ತೊಗಟೆ ಕೆತ್ತಿ ಹೋಗುವುದು, ಆ ಓರೆ ಗೀರಿನ ಗುಂಟ ಹಾಲು ಇಳಿದು ಗೆರಟೆಗೆ ಬೀಳುವುದು, ಮಳೆಗಾಲಕ್ಕೆ ಮುಂಚೆ ಗೀರಿನ ಮೇಲೆ ಡಾಂಬರು ಹಚ್ಚಿ ಪ್ಲಾಸ್ಟಿಕ್ಕಿನ ಲಂಗ ತೊಡಿಸುವುದು ಎಲ್ಲ ನೋಡಿಯೇ ಬೆಳೆದದ್ದು. ಗೆರಟೆಯನ್ನು ಮರಕ್ಕೆ ಹಿಡಿಸಿಡುವ ತಂತಿಯ ಬಳೆಯನ್ನು ಅಪ್ಪ ಜಗಲಿಯಲ್ಲಿ ಕೂತು ತಾನೇ ಬಗ್ಗಿಸುತ್ತಿದ್ದರು. ಆದ್ದರಿಂದ ನನ್ನ ಚೌಕಟ್ಟನ್ನು ಅವರು ನೋಡಿದ್ದು ಮಗಳ ಸಾಧನೆಯೆಂದಲ್ಲ, ಪ್ರತಿಸ್ಪರ್ಧಿಯ ಸರಕೆಂದು.

“ಎಂತ ಮಾರಾಯ್ತಿ, ಒಂದು ಚೀಲ ನೇತುಹಾಕ್ಲಿಕ್ಕೆ ಇಷ್ಟು ಕಾರ್ಬಾರಾ? ಒಂದು ಗೆರಟೆ ಇಟ್ರೆ ಆಗುದಿಲ್ವಾ?”

“ಗೆರಟೆ ಎಲ್ಲಿ ಸಾಕಾಗ್ತದೆ ಅಪ್ಪಾ? ಇದು ರಬ್ಬರಿನ ಹಾಗೆ ಸ್ವಲ್ಪ ಹೊತ್ತು ಇಳಿದು ನಿಲ್ಲುದಲ್ಲ. ಒಳ್ಳೆ ಬಿಸಿಲು ಬಂದ್ರೆ ಸಂಜೆವರೆಗೂ ಸುರೀತದೆ.”

“ಸಕ್ಕರೆ ಎಷ್ಟು ಉಂಟು ಅದ್ರಲ್ಲಿ?”

“ನೂರಕ್ಕೆ ಎರಡು.”

“ಉಳಿದ ತೊಂಬತ್ತೆಂಟು?”

“ನೀರು.”

“ಅದನ್ನು ಎಂತ ಮಾಡುದು?”

“ಕಾಯಿಸಿ ಹಾರಿಸುದು.”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. “ರಬ್ಬರ್ ಹಾಲಿನಲ್ಲಿ ನೂರಕ್ಕೆ ಮೂವತ್ತು ರಬ್ಬರ್ ಉಂಟು,” ಎಂದರು ಕೊನೆಗೆ, ನಾನು ಅಮೆರಿಕಕ್ಕೆ ಬಂದದ್ದರ ಒಟ್ಟು ಲೆಕ್ಕವನ್ನೇ ಒಪ್ಪಿಸುವವರ ಹಾಗೆ.

ಲೆಕ್ಕ ಅವರು ಹೇಳಿದ ಹಾಗೇ ಇದೆ. 40 ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಸಿರಪ್. ಒಂದು ತೂತಿನಿಂದ ಇಡೀ ಋತುವಿಗೆ ಸಿಗುವುದೂ ಸರಾಸರಿ ಅಷ್ಟೇ ರಸ. ಅಂದರೆ ಒಂದು ಚೌಕಟ್ಟಿಗೆ ವರ್ಷಕ್ಕೊಂದು ಬಾಟಲಿ. ಸೌದೆ, ಹೊತ್ತು, ಕೈಗೆ ಸುತ್ತಿದ ಬ್ಯಾಂಡೇಜು ಇವನ್ನು ಸೇರಿಸಿದರೆ ಅಂಗಡಿಯ ಸಿರಪ್ಪೇ ಅಗ್ಗ. ಆದರೆ ಮೇಪಲ್ ಲೆಕ್ಕದಲ್ಲಿ ದೊಡ್ಡವರೇ ಎಡವಿದ್ದಾರೆ. 1791ರಲ್ಲಿ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್, ಗುಲಾಮರ ಬೆವರಿನ ಕಬ್ಬಿನ ಸಕ್ಕರೆಗೆ ಬದಲಾಗಿ ರೈತರ ಮನೆಮಂದಿಯೇ ಮೇಪಲ್ ಸಕ್ಕರೆ ಮಾಡಬಹುದೆಂದು ಥಾಮಸ್ ಜೆಫರ್ಸನ್‌ಗೆ ದೀರ್ಘ ಪತ್ರ ಬರೆದ. ಜೆಫರ್ಸನ್ ಉತ್ಸಾಹದಿಂದ ವರ್ಜೀನಿಯಾದ ತನ್ನ ಮಾಂಟಿಸೆಲೊ ತೋಟಕ್ಕೆ ಸಕ್ಕರೆ ಮೇಪಲ್ ಸಸಿ ತರಿಸಿ ನೆಡಿಸಿದ. ಬಹುತೇಕ ಬದುಕಲಿಲ್ಲ. ಗುಲಾಮರಿಲ್ಲದ ಸಕ್ಕರೆಯ ಆ ಸಸಿಗಳು ಬಂದಿಳಿದ ತೋಟದಲ್ಲಿ ದುಡಿಯುತ್ತಿದ್ದವರೇ ಗುಲಾಮರು ಎಂಬುದನ್ನು ಜೆಫರ್ಸನ್ ತನ್ನ ಲೆಕ್ಕದ ಯಾವ ಕಲಮಿನಲ್ಲಿ ಬರೆದುಕೊಂಡನೋ.

ಸರಿಯಾದ ಲೆಕ್ಕ ಗೊತ್ತಿದ್ದವರು ಅವರಿಗಿಂತ ಬಹಳ ಮೊದಲೇ ಇಲ್ಲಿದ್ದರು. ಉತ್ತರ ವಿಸ್ಕಾನ್ಸಿನ್‌ನ ಓಜಿಬ್ವೆ ಜನ ಬರ್ಚ್ ಮರದ ತೊಗಟೆಯನ್ನು ಮಡಚಿ, ನಾರಿನಿಂದ ಹೊಲಿದು, ಹೊಲಿಗೆಗೆ ಮರದ ಅಂಟು ಮೆತ್ತಿ ರಸದ ಪಾತ್ರೆ ಮಾಡುತ್ತಿದ್ದರು. ರಾತ್ರಿ ಪಾತ್ರೆಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಬೆಳಿಗ್ಗೆ ಎತ್ತಿ ಎಸೆದರೆ ಅಷ್ಟು ನೀರು ಪುಕ್ಕಟೆಯಾಗಿ ಹೋದಂತೆ, ಉಳಿದದ್ದು ಮೊದಲಿಗಿಂತ ಸಿಹಿ. ನಾನೂ ಹಾಗೇ ಮಾಡುತ್ತೇನೆ, ಸೌದೆ ಉಳಿಯುತ್ತದೆ. ಅವರ ಪಂಚಾಂಗದಲ್ಲಿ ಏಪ್ರಿಲ್ ಎಂದರೆ ಸಕ್ಕರೆ ಕಾಯಿಸುವ ಚಂದ್ರ. ಈಗಲೂ ಆ ಕುಟುಂಬಗಳು ಮೇಪಲ್ ತೋಪಿಗೆ ಹೋಗುತ್ತವೆ, ಪಾಕವನ್ನು ಸಿರಪ್ಪಿಗೇ ನಿಲ್ಲಿಸದೆ ಹುಡಿ ಸಕ್ಕರೆಯಾಗುವವರೆಗೆ ತಿರುವುತ್ತವೆ. ಹುಡಿಯಾದರೆ ಕೆಡುವುದಿಲ್ಲ, ಸೋರುವುದೂ ಇಲ್ಲ; ಹಿಡಿದಿಡುವುದರ ಬಗ್ಗೆ ಯೋಚಿಸಿದವರು ಮಾತ್ರ ಹಾಗೆ ಮಾಡಿಯಾರು. ಬಂದು ನೆಲೆಸಿದ ಬಿಳಿಯರದು ಮರದ ಹಲಗೆಯ ಬಕೆಟ್, ಆಮೇಲೆ ತಗಡಿನದು. 1950ರ ದಶಕದ ಕೊನೆಯ ಹೊತ್ತಿಗೆ ಪ್ಲಾಸ್ಟಿಕ್ ಪೈಪು ಬಂದು, ದೊಡ್ಡ ತೋಪುಗಳಲ್ಲಿ ನೇತುಹಾಕುವ ಪ್ರಶ್ನೆಯೇ ಮಾಯವಾಯಿತು. ಉಳಿದದ್ದು ನಮ್ಮಂಥ ಹಿತ್ತಿಲಿನವರ ಪಾಲಿಗೆ.

ಕಾಯಿಸುವುದು ಯಜಮಾನರ ಇಲಾಖೆ. ಮನೆಯೊಳಗೆ ಕಾಯಿಸಿದರೆ ಆವಿಗೆ ಗೋಡೆಯ ಕಾಗದ ಕಿತ್ತುಬರುತ್ತದೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ಅದಕ್ಕೇ ಹೊರಗೆ ಕಲ್ಲಿನ ಒಲೆ, ಅಗಲವಾದ ಸ್ಟೀಲ್ ತಟ್ಟೆ. ನೀರು ಕುದಿಯುವುದಕ್ಕಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಸಿರಪ್ ಆಯಿತೆಂದು ಲೆಕ್ಕ. ನೊರೆ ಉಕ್ಕಿಬಂದರೆ ಒಂದು ಹನಿ ಬೆಣ್ಣೆ ಬಿಟ್ಟರೆ ತಟ್ಟನೆ ಇಳಿಯುತ್ತದೆ. ಅವರು ಥರ್ಮಾಮೀಟರ್ ಹಿಡಿದು ತಪಸ್ಸಿಗೆ ಕೂರುತ್ತಾರೆ, ನಾನು ಆ ಕಡೆ ಹೋಗುವುದಿಲ್ಲ. ಆದದ್ದನ್ನು ನೀರುದೋಸೆಗೆ ಹಚ್ಚಿಕೊಳ್ಳುವಾಗ ಮಾತ್ರ ಹಾಜರು. ಜೋನಿಬೆಲ್ಲಕ್ಕೆ ಸಮನೇ ಎಂದು ಕೇಳಬೇಡಿ. ಅಲ್ಲ. ಆದರೆ ಜೋನಿಬೆಲ್ಲಕ್ಕೆ ಮರದ ಹೊಗೆಯ ಈ ವಾಸನೆಯೂ ಇಲ್ಲ.

ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಮೇಲೆ, ಈ ಏರಿಳಿತ ಇರುವತನಕ ಓಟ. ಮರದ ನಾರುಗಳೊಳಗಿನ ಗಾಳಿ ಚಳಿಗೆ ಕುಗ್ಗಿ ರಸವನ್ನು ಮೇಲೆಳೆದುಕೊಳ್ಳುತ್ತದೆ, ಬಿಸಿಲಿಗೆ ಹಿಗ್ಗಿ ಹೊರದೂಡುತ್ತದೆ. ರಾತ್ರಿಯೂ ಬೆಚ್ಚಗಾಗತೊಡಗಿದರೆ ಮುಗಿಯಿತು. ಮೊಗ್ಗು ಉಬ್ಬಿ, ಕೆರೆಯ ಅಂಚಿನಲ್ಲಿ ಪುಟ್ಟ ಕಪ್ಪೆಗಳು ಕೂಗಲು ಶುರುಮಾಡಿದ ಮೇಲೆ ಬರುವ ರಸಕ್ಕೆ ಒಂದು ಕೆಟ್ಟ ವಾಸನೆ. ಆಗ ನಳಿಕೆ ಕಿತ್ತು ತೂತನ್ನು ಹಾಗೇ ಬಿಡಬೇಕು. ಏನನ್ನೂ ತುಂಬಬಾರದು, ಮರ ತಾನೇ ಹೊಸ ಪದರ ಬೆಳೆದು ಮುಚ್ಚಿಕೊಳ್ಳುತ್ತದೆ. ಮುಂದಿನ ವರ್ಷ ಅದರಿಂದ ದೂರ ಬೇರೆ ಕಡೆ ಕೊರೆಯುವುದು. ಚೌಕಟ್ಟುಗಳನ್ನು ಬಿಸಿನೀರಲ್ಲಿ ಅದ್ದಿ ತೊಳೆದು, ಒರೆಸಿ, ಒಂದರೊಳಗೊಂದು ಹೋಗದ ಕಾರಣ ಸಾಲಾಗಿ ಗೋಡೆಗೆ ತೂಗುಹಾಕುತ್ತೇನೆ. ಅಜ್ಜನ ಮಾದರಿಯ ಒಂದೇ ದೋಷ ಇದು, ಜಾಗ ತಿನ್ನುತ್ತದೆ. ಅವರ ಮುಂದೆ ಹೇಳಿಲ್ಲ.

ಮೊನ್ನೆ ಅಪ್ಪನ ಫೋನು. ತೋಟದ ಕೆಲಸದ ನಡುವೆ ಒಂದು ಬಳೆ ಬಗ್ಗಿಸಿದ್ದಾರೆ. ನನ್ನದರಂತೆ ಚಪ್ಪಟೆಯಲ್ಲ, ಎರಡು ಉದ್ದ ಬದಿಗಳಲ್ಲಿ ತುಸು ಬಿಲ್ಲಿನ ಹಾಗೆ ಮೇಲೆದ್ದಿದೆ. ಭಾರ ಬಿದ್ದಾಗ ಆ ಬಾಗು ನೇರವಾಗಿ ಗೋಡೆಗೆ ಒತ್ತಿಕೊಳ್ಳುತ್ತದೆ, ಆಗ ನಾಲಿಗೆಗಳೇ ಬೇಡವಂತೆ. ಕ್ಯಾಮೆರಾದ ಮುಂದೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದರು. ಪರೀಕ್ಷೆಗೆಂದು ಅಡಿಕೆ ಸಿಪ್ಪೆ ತುಂಬಿದ ಗೊಬ್ಬರದ ಚೀಲವನ್ನೇ ಹಲಸಿನ ಮರಕ್ಕೆ ನೇತುಹಾಕಿದ್ದರು.

“ಯಾವ ಗೇಜ್ ಅಪ್ಪಾ?”

“ಎಂಟು. ನಿಂದು ಹತ್ತು ಅಲ್ವಾ, ಅದು ಬಗ್ಗುತ್ತದೆ. ಆ ಅಜ್ಜನಿಗೆ ಹೇಳು.”

“ಹೇಳ್ತೇನೆ.”

“ಮತ್ತೆ, ಅವರ ಹತ್ರ ನಂಬರ್ ಪ್ಲೇಟ್ ಇನ್ನೂ ಎಷ್ಟು ಉಂಟು ಕೇಳು. ಇಲ್ಲಿ ರಬ್ಬರಿಗೆ ಪ್ರತಿ ವರ್ಷ ಆ ಪ್ಲಾಸ್ಟಿಕ್ ಹಚ್ಚಿ ಹಚ್ಚಿ ಸಾಕಾಗಿದೆ.”